ಎಡಕ್ಕೆ ಒರಗಿದ ಕಿವಿ

ಆಸ್ಪತ್ರೆಯ ದೊಡ್ಡ ಗೇಟಿಗೆ ಅಡ್ಡಲಾಗಿ ಕಟ್ಟಿದ್ದ ಬಿಳಿ ಬಟ್ಟೆಯ ಮುಂದೆ ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು ಓದುತ್ತಿದ್ದರು. ‘ಹೆರಿಗೆ ವಾರ್ಡು ಮುಚ್ಚಬೇಡಿ. ನಮ್ಮ ಮಕ್ಕಳು ರಸ್ತೆಯಲ್ಲಿ ಹುಟ್ಟಬೇಕೇ?’ ಎಂದು ಮೊಳದುದ್ದದ ಕೆಂಪಕ್ಷರಗಳಲ್ಲಿ ಬರೆದಿತ್ತು. ಮಗಳನ್ನು ಶಾಲೆಗೆ ಬಿಟ್ಟು ಅಂಗಡಿಯ ಕಡೆ ಹೊರಟಿದ್ದ ಹೊಲಿಗೆಯಕ್ಕ ಅಕ್ಷರಗಳನ್ನು ಪೂರ್ತಿ ಓದಲೇ ಇಲ್ಲ. ಅವಳ ಕಣ್ಣು ಬಟ್ಟೆಯ ಮೂಲೆಗೆ ಹೋಗಿ ಅಲ್ಲೇ ನಿಂತಿತು.

ಮೂಲೆಯಲ್ಲಿ ಬೆಕ್ಕಿನ ಕಿವಿಯಿತ್ತು.

ಬೆಕ್ಕಿನ ಕಿವಿ ಅಕ್ಕನ ಸ್ವಂತ ಉಪಾಯ. ಆಸ್ಪತ್ರೆಯ ಪರದೆಗಳನ್ನು ಕುದಿಯುವ ನೀರಿನಲ್ಲಿ ಹಾಕಿ ಒಗೆಯುತ್ತಾರೆ. ಬಟ್ಟೆ ಎಷ್ಟೇ ಗಟ್ಟಿಯಿರಲಿ, ಮೊದಲು ಪ್ರಾಣ ಬಿಡುವುದು ಮೂಲೆ. ಹಾಗಾಗಿ ಅವಳು ಮೂಲೆಯನ್ನು ಒಳಕ್ಕೆ ಮಡಚಿ, ಮಡಿಕೆಯ ಮೇಲೆ ಇನ್ನೊಂದು ಪುಟ್ಟ ಮಡಿಕೆ ಕೂರಿಸಿ, ಮೆಷಿನ್ನಿಗೆ ಕೊಡದೆ ಕೈಯಲ್ಲೇ ಹೊಲಿಯುವ ರೂಢಿ ಮಾಡಿದ್ದಳು. ಮುಗಿದಾಗ ಅದು ಬೆಕ್ಕು ಕಿವಿ ನಿಮಿರಿಸಿದಂತೆ ಕಾಣುತ್ತಿತ್ತು. ಆ ಊರಿನಲ್ಲಿ ಬೇರೆ ಯಾರೂ ಅದನ್ನು ಹೊಲಿಯುತ್ತಿರಲಿಲ್ಲ. ಅಷ್ಟು ತಾಳ್ಮೆ ಯಾರಿಗಿದೆ? ಅಕ್ಕನ ಅಂಗಡಿಯಲ್ಲಿ ಅಕ್ಕ, ಅವಳ ಚಿಕ್ಕಮ್ಮ ಮತ್ತು ಗುಬ್ಬಿ ಈ ಮೂವರೇ ಹೊಲಿಯುವವರು. ಅಕ್ಕ ಮತ್ತು ಚಿಕ್ಕಮ್ಮ ಹೊಲಿದ ಕಿವಿ ಬಲಕ್ಕೆ ಒರಗುತ್ತಿತ್ತು. ಗುಬ್ಬಿ ಎಡಚಿ. ಅವಳ ಕಿವಿ ಎಡಕ್ಕೆ ಒರಗುತ್ತಿತ್ತು.

ಗೇಟಿನ ಮೇಲಿನ ಕಿವಿ ಎಡಕ್ಕೆ ಒರಗಿತ್ತು.

ಇಬ್ಬರು ಕಾವಲುಗಾರರು ಏಣಿ ತಂದು ಬಟ್ಟೆಯ ಹಗ್ಗ ಬಿಚ್ಚತೊಡಗಿದರು. ಒಬ್ಬ ಜಗ್ಗಿ ಎಳೆದ. ಬಟ್ಟೆ ನಡುವಿನಲ್ಲಿ ಬಾಗಿತು. ಮೂಲೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

“ಯಾರಪ್ಪಾ ಹೊಲಿದೋರು, ಕಲ್ಲಿನ ಹಾಗಿದೆ,” ಎಂದ ಇನ್ನೊಬ್ಬ.

ಇನ್ನೊಂದು ದಿನವಾಗಿದ್ದರೆ ಆ ಮಾತಿಗೆ ಅಕ್ಕನ ಮುಖ ಅರಳುತ್ತಿತ್ತು. ಈಗ ಅವಳು ತಲೆ ತಗ್ಗಿಸಿ, ಗೋಡೆಯ ಪಕ್ಕಕ್ಕೆ ಸರಿದು, ಕದ್ದವಳ ಹಾಗೆ ಬಿರಬಿರನೆ ನಡೆದಳು.

ಅಂಗಡಿ ಎಂದರೆ ಒಂದೇ ಉದ್ದನೆಯ ಕೋಣೆ. ಬೀದಿಯ ಕಡೆ ಕಿಟಕಿ, ಕಿಟಕಿಗೆ ಮೂರು ಮೆಷಿನ್ನು, ಹಿಂದೆ ಇಸ್ತ್ರಿ ಮೇಜು. ಗುಬ್ಬಿಯದು ಗೋಡೆಯ ಪಕ್ಕದ ಕೊನೆಯ ಜಾಗ. ಅವಳ ಎಡಮೊಣಕೈ ಪಕ್ಕದವರಿಗೆ ತಗುಲಬಾರದೆಂದು ಅವಳು ಬಂದ ಮೊದಲ ದಿನವೇ ಅಕ್ಕ ಮೆಷಿನ್ನನ್ನು ಅಲ್ಲಿಗೆ ಎಳೆದು ಹಾಕಿದ್ದಳು. ಇವತ್ತೂ ಅವಳು ಅಲ್ಲೇ ಕೂತು ದಾರ ಪೋಣಿಸುತ್ತಿದ್ದಳು. ಒಂದು ಹಿಡಿ ಮೈಯವಳು, ಹೆಸರಿಗೆ ತಕ್ಕ ಹಾಗೆ.

ಅಕ್ಕ ಬಾಯಿ ತೆರೆಯುವ ಮೊದಲೇ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಸ್ಟೋರಿನವರು. ಪರದೆ, ಹಾಸಿಗೆ ಹೊದಿಕೆ, ದಿಂಬಿನ ಚೀಲ ಎಲ್ಲದರ ಲೆಕ್ಕ ಅವರ ಕೈಯಲ್ಲೇ. ಅಂಗಡಿಗೆ ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಅವರ ಬಾಯಿಂದ ಬರುವಂಥದ್ದು.

“ಅಮ್ಮಾ, ಸಂಜೆ ಬರ್ತೀನಿ. ನಿಮ್ಮಲ್ಲಿ ಹೊಲಿಯೋರೆಲ್ಲ ಇರ್ಲಿ,” ಎಂದರು. ಯಾವತ್ತೂ ಮೊದಲು ಮಗಳ ಓದು ವಿಚಾರಿಸುವವರು ಇವತ್ತು ವಿಚಾರಿಸಲಿಲ್ಲ. “ಗೇಟಿನ ಬಟ್ಟೆ ವಿಷಯ ಕೇಳಿರಬೇಕು. ದೊಡ್ಡ ಸಾಹೇಬರು ನೋಡಿದ್ರು. ಆ ಮೂಲೆ ನಮ್ಮ ವಾರ್ಡಿನ ಪರದೇಲೂ ಇದೆ ಅಂತ ಯಾರೋ ಅವರ ತಲೇಲಿ ಹಾಕಿದಾರೆ. ಒಬ್ಬೊಬ್ಬರ ಹತ್ರಾನೂ ಒಂದೊಂದು ಮೂಲೆ ಹೊಲಿಸಿ ತಗೊಂಡು ಬಾ ಅಂದಿದಾರೆ.”

“ನಮ್ಮನ್ನ ಯಾಕೆ ಸರ್...”

“ಅಂಗಡಿ ಮೇಲೆ ನನಗೆ ಅನುಮಾನ ಇಲ್ಲಮ್ಮ. ಅವರಿಗೆ ಬೇಕಾಗಿರೋದು ಒಂದು ಹೆಸರು. ಹೆಸರು ಕೊಟ್ಟು, ಆ ಮನುಷ್ಯರನ್ನ ಕೆಲಸದಿಂದ ತೆಗೆದ್ರೆ ನಿಮ್ಮ ಕೆಲಸ ನಿಮಗೆ. ಇಲ್ಲಾಂದ್ರೆ ಹೊಸ ಪರದೆ ಬಿಡಿ, ಹಳೇ ಪರದೆ ರಿಪೇರಿಗೂ ಬೇರೆಯವರು ಬರ್ತಾರೆ. ಅದು ಪೊಲೀಸರ ಕೈಗೆ ಹೋದ್ರೆ ಮುಂದಿಂದು ನನಗೆ ಗೊತ್ತಿಲ್ಲ.”

ಅವರು ಫೋನು ಇಟ್ಟ ಮೇಲೂ ಅಕ್ಕ ತನ್ನದನ್ನು ಹಿಡಿದೇ ನಿಂತಿದ್ದಳು. ಒಂದು ಹೆಸರು. ನಾಲಿಗೆಯ ತುದಿಯಲ್ಲೇ ಇತ್ತು. ಈಗಲೇ ಮತ್ತೆ ಫೋನು ಮಾಡಿ ಹೇಳಿಬಿಟ್ಟರೆ ಸಂಜೆಯ ತನಕ ಹೀಗೆ ಬೇಯಬೇಕಿಲ್ಲ. ಆ ಯೋಚನೆ ತನಗೇ ಬಂದದ್ದು ಕಂಡು ಅವಳು ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದಳು.

“ಗುಬ್ಬೀ, ಹಿಂದೆ ಬಾ.”

ಇಸ್ತ್ರಿ ಮೇಜಿನ ಹತ್ತಿರ ಇಬ್ಬರೂ ನಿಂತರು.

“ಯಾವಾಗ ಹೊಲಿದೆ?”

“ಏನನ್ನ ಅಕ್ಕಾ?”

ಅಕ್ಕ ಆಸ್ಪತ್ರೆಯ ದಿಕ್ಕಿಗೆ ಕೈ ತೋರಿಸಿದಳು. ಗುಬ್ಬಿ ಕಣ್ಣು ಕೆಳಗೆ ಹಾಕಿದಳು.

“ಭಾನುವಾರ. ಮನೇಲಿ. ಬಟ್ಟೆ ನಮ್ಮ ಅಂಗಡಿದಲ್ಲ, ದಾರ ಅಂಗಡಿದಲ್ಲ. ಸೂಜಿ ಕೂಡ ನಮ್ಮಮ್ಮಂದು. ನಿಮ್ಮದು ಒಂದು ಎಳೆ ಮುಟ್ಟಿಲ್ಲ. ಹೆಸರು ಬರಬಾರ್ದು ಅಂತ ಅಷ್ಟು ಜೋಪಾನ ಮಾಡಿದೀನಿ.”

“ಕಿವಿ?”

ಗುಬ್ಬಿಯ ಮುಖದ ಬಣ್ಣ ಇಳಿಯಿತು. “ಕಿವಿ ಹೊಲಿದ್ನಾ?”

“ನಾಲ್ಕು ಮೂಲೇಲೂ.”

“ನನಗೆ ಗೊತ್ತೇ ಇಲ್ಲಕ್ಕಾ. ಮೂಲೆ ಬಂತು, ಕೈ ತಾನೇ ಹೋಗಿರತ್ತೆ.”

ಅಕ್ಕನಿಗೆ ಅದು ಸುಳ್ಳೆನಿಸಲಿಲ್ಲ. ಅವಳ ಕೈಯೂ ಹಾಗೇ. ಮಗಳ ಕರವಸ್ತ್ರ ಹೊಲಿದರೂ ಮೂಲೆಯಲ್ಲಿ ಕಿವಿ ನಿಮಿರುತ್ತಿತ್ತು.

“ನೀನು ಬೀದಿಗೆ ಹೋಗಿ ನಿಂತ್ರೆ ನಾನು ಬೇಡ ಅಂದಿದ್ನಾ? ನಿನ್ನ ತಂಗಿಗೆ ಏನಾಯ್ತು ಅಂತ ನನಗೆ ಗೊತ್ತಿಲ್ವಾ?” ವಾರ್ಡಿಗೆ ರಾತ್ರಿ ಬೀಗ ಹಾಕಲು ಶುರುಮಾಡಿದ ಮೇಲೆ, ಗುಬ್ಬಿಯ ತಂಗಿಗೆ ಇನ್ನೊಂದು ಊರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲೇ ಹೆರಿಗೆಯಾಗಿತ್ತು. ಆ ಮಗುವಿಗೆಂದು ಅಕ್ಕ ಹೊಲಿದಿಟ್ಟಿದ್ದ ಪುಟ್ಟ ಟೋಪಿ ಯಾರ ತಲೆಗೂ ಏರದೆ ಕಪಾಟಿನಲ್ಲಿ ಉಳಿದಿತ್ತು.

“ಅಂಗಡಿ ಬಾಗಿಲು ಹಾಕಿದ ಮೇಲೆ ನಾನು ಯಾರ ಜೊತೆ ನಿಂತ್ರೆ ಅಂಗಡಿಗೇನಕ್ಕಾ?” ಗುಬ್ಬಿ ಮೆಲ್ಲಗೆ ಕೇಳಿದಳು.

“ಹಾಗಂತ ನಾನೂ ಅಂದ್ಕೊಂಡಿದ್ದೆ. ಅವರು ಅಂದ್ಕೊಳಲ್ವಲ್ಲ. ನಿನ್ನ ಕೈ ಅಂದ್ರೆ ನನ್ನ ಅಂಗಡಿ, ಅವರಿಗೆ ಅಷ್ಟೇ.”

“ಕೈ ಮನೆಗೆ ಬಂದ ಮೇಲೂ ನಿಮ್ದೇನಾ ಹಾಗಾದ್ರೆ?”

ಅಕ್ಕ ಇಸ್ತ್ರಿ ಮೇಜಿನ ಹಾಸಿನ ಸುಕ್ಕನ್ನು ಅಂಗೈಯಿಂದ ತೀಡಿದಳು.

ಗುಂಡಿಯ ಡಬ್ಬಿ ಕೆದಕುತ್ತಿದ್ದ ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಕೇಳಿಸಬಾರದ್ದು ಎಂದೂ ಕೇಳಿಸದೆ ಹೋಗಿದ್ದಿಲ್ಲ.

“ಈ ಹುಡುಗಿಗೆ ಜ್ವರ ಅಂತ ಮನೆಗೆ ಅಟ್ಟು,” ಎಂದಳು.

“ನಾವು ಎಷ್ಟು ಜನ ಅಂತ ಅವರಿಗೆ ಗೊತ್ತು ಚಿಕ್ಕಮ್ಮ. ಇಲ್ಲದವಳ ಮೇಲೇ ಮೊದಲು ಕಣ್ಣು ಬೀಳತ್ತೆ.”

“ಹಾಗಾದ್ರೆ ಬಲಗೈಲಿ ಹೊಲಿಸು. ಎಡಕ್ಕೆ ಒರಗಿದ ಕಿವಿ ಹೊಲೀತಿದ್ದವಳು ಕೆಲಸ ಬಿಟ್ಟು ಯಾವ ಕಾಲವಾಯ್ತು ಅಂದ್ಬಿಡೋಣ. ಹಳೇ ಪರದೆ ಅವಳದ್ದೇ. ನಾನು ಹೇಳ್ತೀನಿ ಸುಳ್ಳು, ನಿನ್ನ ಮುಖದಲ್ಲಿ ಅದು ಬರಲ್ಲ.”

ಬೇರೆ ದಾರಿಯಿರಲಿಲ್ಲ. ಬೀದಿ ಬಾಗಿಲು ಅರ್ಧ ಎಳೆದು ಅಕ್ಕ, ಗುಬ್ಬಿ ಇಬ್ಬರೂ ಎದುರುಬದುರು ಕೂತರು. ಗುಬ್ಬಿ ಬಲಗೈಯಲ್ಲಿ ಸೂಜಿ ಹಿಡಿದರೆ ಮಗು ಮೊದಲ ಸಲ ಚಮಚ ಹಿಡಿದ ಹಾಗೆ ಕಾಣುತ್ತಿತ್ತು. ಮಡಿಕೆ ಜಾರುತ್ತಿತ್ತು, ದಾರ ಗಂಟು ಬೀಳುತ್ತಿತ್ತು. ಮಡಿಕೆ ಬಲಕ್ಕೆ ಮಡಚಿದರೂ ಕೊನೆಯ ಹೊಲಿಗೆಯ ಹೊತ್ತಿಗೆ ಕಿವಿ ತಿರುಗಿ ಎಡಕ್ಕೇ ಬೀಳುತ್ತಿತ್ತು.

“ಎಲ್ಲಿ ತಿರುಗುತ್ತೆ ಅಂತ ನೋಡೋಣ ಇರು,” ಎಂದು ಅಕ್ಕ ತಾನೇ ಒಂದು ತುಂಡು ತೆಗೆದುಕೊಂಡು, ಗುಬ್ಬಿಯ ಎಡಗೈ ಹೇಗೆ ಹೋಗುವುದೋ ಹಾಗೇ ಹೊಲಿದಳು. ಬಿಚ್ಚಿದಳು. ಮತ್ತೆ ಹೊಲಿದಳು. “ನೋಡು, ಇಲ್ಲಿ. ಈ ಎರಡನೇ ಮಡಿಕೆ ಹತ್ರ ದಾರ ಕೆಳಗಿಂದ ತರ್ತೀಯ. ಮೇಲಿಂದ ತಾ.” ತೋರಿಸಿದಳು, ಬಿಚ್ಚಿದಳು, ಮತ್ತೆ ಗುಬ್ಬಿಯ ಹಾಗೆ ಹೊಲಿದು ತಪ್ಪು ತೋರಿಸಿದಳು. ಮಗಳಿಗೆ ಅಕ್ಷರ ತಿದ್ದಿಸಿದ್ದ ತಾಳ್ಮೆಯೇ ಅದು. ಈಗ ಅದರ ಹಿಂದೆ ಭಯ ಕೂತು ಬೆನ್ನಿಗೆ ಚುಚ್ಚುತ್ತಿತ್ತು. ಬೀದಿಯಲ್ಲಿ ಗಾಡಿ ನಿಂತ ಸದ್ದಾದರೆ ಇಬ್ಬರ ಕೈಯೂ ನಿಲ್ಲುತ್ತಿತ್ತು. ಊಟದ ಡಬ್ಬಿಗಳು ಮುಚ್ಚಳ ತೆರೆಯದೆ ಹಾಗೇ ಉಳಿದವು.

“ನನಗೆ ಒಂದು ಸಮಾಧಾನ,” ಎಂದಳು ಚಿಕ್ಕಮ್ಮ, ಯಾರೂ ಕೇಳದಿದ್ದರೂ. “ನನ್ನ ಕಿವಿ ಬೆಕ್ಕಿಂದಲ್ಲ, ಕತ್ತೆದು ಅಂತ ನೀನೇ ಎಷ್ಟು ಸಲ ಬೈದಿದೀಯ. ಕತ್ತೆ ಕಿವಿ ಹಿಡ್ಕೊಂಡು ಯಾರೂ ಜೈಲಿಗೆ ಎಳೆಯಲ್ಲ.”

ಗುಬ್ಬಿ ನಕ್ಕಳು. ನಗು ಗಂಟಲಲ್ಲೇ ಅಳುವಿನ ಕಡೆ ತಿರುಗಿತು. ಬಟ್ಟೆ ಮುಖಕ್ಕೆ ಒತ್ತಿಕೊಂಡಳು. “ಹೆಸರು ಕೊಟ್ಬಿಡಿ ಅಕ್ಕಾ,” ಎಂದಳು ಬಟ್ಟೆಯ ಒಳಗಿನಿಂದ.

“ದಾರ ಒದ್ದೆ ಮಾಡ್ಬೇಡ. ಹೊಲಿ.”

ಶಾಲೆಯಿಂದ ಬಂದ ಮಗಳನ್ನು ಅಕ್ಕ ಒಳಗೆ ಬಿಡದೆ ಪಕ್ಕದ ಮನೆಯಲ್ಲಿ ಕೂರಿಸಿ ಬಂದಳು. ಗುಬ್ಬಿ ಯಾಕೆ ಬಲಗೈಲಿ ಹೊಲೀತಿದಾಳೆ ಎಂದು ಆ ಮಗು ಬಾಯಿ ಬಿಟ್ಟರೆ ಎಲ್ಲ ಮುಗಿದ ಹಾಗೆ.

ಸ್ಟೋರಿನವರು ಹೇಳಿದ್ದಕ್ಕಿಂತ ಮೊದಲೇ ಬಂದರು. ಕಂಕುಳಲ್ಲಿ ಕಾಗದ ಸುತ್ತಿದ ಗಂಟು. ಯಾವತ್ತೂ ಬಾಗಿಲಲ್ಲಿ ಕಾಲು ಒರೆಸಿಯೇ ಒಳಗೆ ಬರುವ ಮನುಷ್ಯ ಇವತ್ತು ಒರೆಸಲಿಲ್ಲ. ಟೀ ಬೇಡವೆಂದರು. ಕುರ್ಚಿಯ ತುದಿಯಲ್ಲಿ ಕೂತು ಗಂಟು ಬಿಚ್ಚಿ ಬಿಳಿ ಬಟ್ಟೆಯ ಒಂದು ಮೂಲೆಯನ್ನು ತೊಡೆಯ ಮೇಲೆ ಹರಡಿಕೊಂಡರು. ಕೆಂಪು ಬಣ್ಣದ ‘ರಸ್ತೆ’ ಎಂಬ ಮಾತು ಮಡಿಕೆಯಿಂದ ಇಣುಕುತ್ತಿತ್ತು.

“ಒಬ್ಬೊಬ್ಬರಾಗಿ ಹೊಲೀರಿ.”

ಮೊದಲು ಚಿಕ್ಕಮ್ಮ. ಅವಳದು ಬೇಗ ಮುಗಿಯಿತು. ಜೋಲು ಕಿವಿ, ಬಲಕ್ಕೆ. ಅವರು ಅದನ್ನು ಬಟ್ಟೆಯ ಮೂಲೆಯ ಪಕ್ಕ ಹಿಡಿದು ನೋಡಿ ಕೆಳಗಿಟ್ಟರು. “ಇದು ನಮ್ಮ ಮಕ್ಕಳ ವಾರ್ಡಿನ ಪರದೇದು,” ಎಂದರು ತಮಗೇ.

“ಎಡಕ್ಕೆ ಒರಗೋ ಹಾಗೆ ಹೊಲೀತಿದ್ದವಳು ಒಬ್ಬಳಿದ್ಲು ಸರ್,” ಎಂದಳು ಚಿಕ್ಕಮ್ಮ, ಗುಂಡಿ ಹೆಕ್ಕುತ್ತ. “ಮದುವೆ ಆಗಿ ಹೋದ್ಲು. ಎಲ್ಲಿಗೆ ಅಂತ ಹೇಳಲೂ ಇಲ್ಲ, ಪುಣ್ಯಾತ್ಗಿತ್ತಿ.”

ಅವರು ಇನ್ನೊಂದು ತುಂಡು ಬಟ್ಟೆಯನ್ನು ಗುಬ್ಬಿಯ ಕಡೆ ಸರಿಸಿದರು.

ಆಮೇಲೆ ಗುಬ್ಬಿ. ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಬಲಗೈಯಲ್ಲಿ ಸೂಜಿ ಹಿಡಿದಳು. ಎಡಗೈ ಮಡಿಲಲ್ಲಿ ಬಟ್ಟೆ ಹಿಡಿದುಕೊಂಡು, ಕಟ್ಟಿಹಾಕಿದ ಪ್ರಾಣಿಯ ಹಾಗೆ, ಆಗಾಗ ಮಿಸುಕುತ್ತಿತ್ತು. ಮೊದಲ ಮಡಿಕೆ. ಎರಡನೆಯದು. ದಾರ ಮೇಲಿನಿಂದ ಬರಬೇಕು, ಮೇಲಿನಿಂದ, ಎಂದು ಅಕ್ಕ ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದಳು.

“ಎಷ್ಟು ವರ್ಷ ಆಯ್ತಮ್ಮಾ ಇಲ್ಲಿ ಸೇರಿ?” ಸ್ಟೋರಿನವರು ಇದ್ದಕ್ಕಿದ್ದಂತೆ ಕೇಳಿದರು.

ಸೂಜಿ ಬೆರಳಿಗೆ ಚುಚ್ಚಿತು. ಗುಬ್ಬಿ ಬೆರಳು ಬಾಯಿಗಿಟ್ಟುಕೊಂಡಳು. “ಇನ್ನೂ ಕಲೀತಿದೀನಿ ಸರ್.”

ಅದನ್ನು ನೋಡಿದರೆ ಯಾರಾದರೂ ನಂಬುವಂತಿತ್ತು. ಹೊಲಿಗೆ ಮುಗಿಯಿತು. ಸೊಟ್ಟಗೆ, ಸುಕ್ಕಾಗಿ, ಆದರೆ ಬಲಕ್ಕೆ ಒರಗಿತ್ತು ಕಿವಿ. ಅಕ್ಕನ ಎದೆಯ ಮೇಲಿದ್ದ ಚಪ್ಪಡಿ ಅರ್ಧ ಸರಿದ ಹಾಗಾಯಿತು. ಇನ್ನು ತನ್ನದೊಂದು. ನಿದ್ದೆಯಲ್ಲೂ ಹೊಲಿಯಬಲ್ಲದ್ದು.

ಅವಳು ತುಂಡು ಬಟ್ಟೆ ತೆಗೆದುಕೊಂಡಳು. ಅವಳ ಕಣ್ಣು ಬಟ್ಟೆಯ ಮೇಲಿರಲಿಲ್ಲ. ಸ್ಟೋರಿನವರ ಮುಖದ ಮೇಲಿತ್ತು. ಅವರು ಗುಬ್ಬಿಯನ್ನೇ ನೋಡುತ್ತಿದ್ದರು. ಗುಬ್ಬಿ ಉಳಿದ ದಾರವನ್ನು ರೀಲಿಗೆ ಮರಳಿ ಸುತ್ತುತ್ತಿದ್ದಳು. ಸುತ್ತುತ್ತಿದ್ದದ್ದು ಎಡಗೈಯಲ್ಲಿ. ಚಕಚಕನೆ, ಬಲು ಸಲೀಸಾಗಿ. ಅವರು ಅದನ್ನು ಗಮನಿಸಿದರೇ? ಗಮನಿಸಿರಬಹುದೇ? ಅಕ್ಕನ ಬೆರಳು ಮಡಚಿತು, ಮಡಚಿತು, ದಾರ ಎಳೆಯಿತು, ಕತ್ತರಿಸಿತು.

ಚಿಕ್ಕಮ್ಮನ ಗುಂಡಿ ಡಬ್ಬಿಯ ಸದ್ದು ನಿಂತಿತು.

ಅಕ್ಕ ಆಗ ಕೆಳಗೆ ನೋಡಿದಳು. ಅಂಗೈಯಲ್ಲಿ ಪುಟ್ಟ, ಅಂದವಾದ ಕಿವಿ. ಎಡಕ್ಕೆ ಒರಗಿತ್ತು.

ಇಡೀ ದಿನ ಗುಬ್ಬಿಯ ತಪ್ಪು ತೋರಿಸಲು ಗುಬ್ಬಿಯ ಹಾಗೆ ಹೊಲಿದು ಹೊಲಿದು, ಕೈ ಅದನ್ನೇ ಹಿಡಿದುಬಿಟ್ಟಿತ್ತು.

ಸ್ಟೋರಿನವರು ಕೈ ಚಾಚಿದರು. ಅವಳ ತುಂಡನ್ನು ಗೇಟಿನ ಬಟ್ಟೆಯ ಮೂಲೆಯ ಮೇಲೆ ಇಟ್ಟರು. ಒಂದರ ಮೇಲೊಂದು ಕೂತವು.

“ಸರ್, ಅದು...” ಗುಬ್ಬಿ ಕುರ್ಚಿಯಿಂದ ಎದ್ದಳು.

“ಗುಬ್ಬೀ, ಇಸ್ತ್ರಿ ಪೆಟ್ಟಿಗೆ ಕಾಯ್ತಾ ಇದೆ. ಹೋಗಿ ಆರಿಸು,” ಎಂದಳು ಅಕ್ಕ. ಆ ದಿನ ಇಸ್ತ್ರಿ ಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಗುಬ್ಬಿ ಹೋಗಲಿಲ್ಲ, ಕೂರಲೂ ಇಲ್ಲ.

ಕೈ ತಪ್ಪಿತು ಎನ್ನಬಹುದಿತ್ತು. ಹಾಗೆಂದರೆ, ಎಡಕ್ಕೆ ಹೊಲಿಯುವ ಕೈ ಮತ್ತೆ ಯಾರದ್ದು ಎಂದು ಕೇಳುತ್ತಾರೆ ಎನಿಸಿತು ಅಕ್ಕನಿಗೆ. “ಇದು ನಮ್ಮ ಅಂಗಡಿ ಕಿವಿ ಸರ್. ನಾನೇ ಹುಡುಕಿದ್ದು, ನಾನೇ ಹೇಳಿಕೊಟ್ಟಿದ್ದು. ಎಡಕ್ಕೋ ಬಲಕ್ಕೋ, ಎಲ್ಲ ನಂದೇ.”

ಅವರು ಎದ್ದು ಹೋಗಿ ಬೀದಿ ಬಾಗಿಲನ್ನು ಪೂರ್ತಿ ಮುಚ್ಚಿದರು. ಮೂವರು ಹೆಂಗಸರೂ ಮೈಯೆಲ್ಲ ಕಿವಿಯಾಗಿ ನಿಂತರು. ಚಿಲಕದ ಸದ್ದಾಯಿತು.

“ನೀವು ಮೊದಲು ನಮ್ಮ ಆಸ್ಪತ್ರೆಗೆ ಹೇಗೆ ಬಂದ್ರಿ, ನೆನಪಿದೆಯಾ?” ತಿರುಗಿ ನಿಂತವರ ಕುತ್ತಿಗೆ ಬೆವರಿತ್ತು.

“ನೀವೇ ಕರ್ಕೊಂಡು ಹೋಗಿದ್ರಿ ಸರ್.”

“ದೊಡ್ಡ ಸಾಹೇಬರ ಮುಂದೆ ನಿಂತು, ಇವರ ಕೆಲಸಕ್ಕೆ ನಾನು ಜವಾಬ್ದಾರಿ ಅಂದಿದ್ದೆ.” ಅವರ ದನಿ ಪಿಸುಮಾತಿಗೆ ಇಳಿದಿತ್ತು. “ಒಬ್ಬ ಕೆಲಸದವಳು ಸಿಕ್ಕಿದ್ರೆ, ಯಾರೋ ತಲೆಕೆಟ್ಟವಳು ಅಂತ ಒಪ್ಪಿಸಿ ಮುಗಿಸ್ತಿದ್ದೆ. ಅದಕ್ಕೇ ಬಂದಿದ್ದು, ಸುಳ್ಳು ಯಾಕೆ ಹೇಳ್ಲಿ. ಅಂಗಡಿಯಮ್ಮನೇ ಅಂದ್ರೆ? ಇವರನ್ನ ಒಳಗೆ ತಂದೋರು ಯಾರು ಅಂತ ಕೇಳ್ತಾರೆ. ನೀನೂ ಅವರ ಗುಂಪಾ ಅಂತ ಕೇಳ್ತಾರೆ. ನಾನು ಯಾವ ಗುಂಪೂ ಅಲ್ಲಮ್ಮ. ನಾನು ದಿಂಬಿನ ಚೀಲ ಎಣಿಸೋನು.”

ಅವರು ಅಕ್ಕನ ಕಡೆ ಕೈ ಚಾಚಿದರು.

“ಕತ್ತರಿ ಕೊಡಿ.”

ಕೊಟ್ಟಳು. ಅವರು ಗೇಟಿನ ಬಟ್ಟೆಯ ಮೂಲೆ ಹಿಡಿದು ಕತ್ತರಿಸಲು ಹೊರಟರು. ಕಿವಿ ಜಗ್ಗಲಿಲ್ಲ. ಕತ್ತರಿ ಬಟ್ಟೆಯನ್ನು ಕಡಿಯದೆ ಜಗಿಯತೊಡಗಿತು. ಚಿಕ್ಕಮ್ಮನಿಗೆ ಅದನ್ನು ನೋಡಲಾಗಲಿಲ್ಲ.

“ಅಯ್ಯೋ, ಕೊಡಿ ಇಲ್ಲಿ. ಭಯ ಪಟ್ಟರೂ ಬಟ್ಟೆ ನೆಟ್ಟಗೆ ಕತ್ತರಿಸಬೇಕು,” ಎಂದು ಕಿತ್ತುಕೊಂಡು ನಾಲ್ಕು ಮೂಲೆಯನ್ನೂ ತುಂಡರಿಸಿ ಅವರ ಮುಂದಿಟ್ಟಳು. ಅವರು ಅವನ್ನು ಮುಟ್ಟಲಿಲ್ಲ.

“ಇಳಿಸುವಾಗ ಮೂಲೆ ಹರಿದುಹೋಯ್ತು ಅಂತೀನಿ. ಇವನ್ನ ಸುಟ್ಟುಹಾಕಿ. ನಿಮ್ಮ ಅಂಗಡಿದು ಅಂತ ಅವರಿಬ್ಬರು ಹೊಲಿದದ್ದನ್ನಷ್ಟೇ ತೋರಿಸ್ತೀನಿ. ನಂಬಿದ್ರೆ ಪುಣ್ಯ.” ಮೂಲೆಯಿಲ್ಲದ ಬಟ್ಟೆಯನ್ನು ಕಾಗದದಲ್ಲಿ ಸುತ್ತಿದರು. “ಹೊಸ ಪರದೆಗೆ ಕಿವಿ ಬೇಡ. ಸಾದಾ ಮಡಿಕೆ ಸಾಕು. ಇನ್ನೊಂದು ಇಂಥದ್ದು ಗೇಟಿನ ಮೇಲೆ ಕಂಡ್ರೆ ನೀವೂ ಇರಲ್ಲ, ನಾನೂ ಇರಲ್ಲ.”

ಬಾಗಿಲು ತೆರೆದು, ಬೀದಿಯ ಎರಡೂ ಕಡೆ ನೋಡಿ, ಹೋದರು. ಹೋಗುವಾಗ ಕಾಲು ಒರೆಸಿಕೊಂಡರು, ಒಳಗೆ ಬರುವವರ ಹಾಗೆ.

ಆಸ್ಪತ್ರೆಯ ಕೆಲಸ ಕೈತಪ್ಪದೆ ಉಳಿದಿತ್ತು. ಹಗುರವಾಗಬೇಕಿದ್ದ ಜೀವ ಹಗುರವಾಗಲಿಲ್ಲ. ಆಸ್ಪತ್ರೆಯ ಒಂದೊಂದು ಕಿಟಕಿಯಲ್ಲೂ ಅವರ ಪರದೆಗಳು ತೂಗುತ್ತಿವೆ, ಒಂದೊಂದರಲ್ಲೂ ಬಲಕ್ಕೆ, ಎಡಕ್ಕೆ ಒರಗಿದ ಕಿವಿಗಳು ನಿಮಿರಿವೆ. ಅವನ್ನೆಲ್ಲ ಯಾರು ಹೋಗಿ ಬಿಚ್ಚುವರು? ನಾಳೆಯೋ ನಾಡಿದ್ದೋ ದೊಡ್ಡ ಸಾಹೇಬರು ವಾರ್ಡಿನಲ್ಲಿ ನಡೆಯುತ್ತ ಒಂದು ಪರದೆಯನ್ನು ಕೈಗೆತ್ತಿಕೊಂಡರೆ ಸಾಕು.

ಗುಬ್ಬಿ ತನ್ನ ಮೆಷಿನ್ನಿಗೆ ಬಟ್ಟೆ ಹೊದಿಸಿದಳು. “ನಾಳೆ ಬರ್ಲಾ ಅಕ್ಕಾ?”

“ಬರದೆ? ಆ ಗೋಡೆ ಪಕ್ಕದ ಜಾಗದಲ್ಲಿ ಬಲಗೈಯವರು ಯಾರು ಕೂತ್ಕೋತಾರೆ?”

ಗುಬ್ಬಿ ಹೊರಡಲಿಲ್ಲ. ಅವಳ ಎಡಗೈ ಚೀಲದ ಹಿಡಿಕೆಯನ್ನು ತಿರುಚುತ್ತಿತ್ತು. ಹೇಳುವುದೋ ಬಿಡುವುದೋ ಎಂದು ಅಳೆಯುತ್ತಿದ್ದಾಳೆಂದು ಅಕ್ಕನಿಗೆ ತಿಳಿಯಿತು. ಅವಳು ಹೇಳದಿದ್ದರೂ ತಿಳಿಯಿತು.

“ಇನ್ನೊಂದಿದೆಯಾ?”

“ಶುಕ್ರವಾರಕ್ಕೆ. ಹೊಲೀತೀನಿ ಅಂತ ಮಾತು ಕೊಟ್ಟಿದೀನಿ. ಬೇಡ ಅಂದ್ರೆ ಹೇಳಿ.”

ಬೇಡ ಎನ್ನಲು ಅಕ್ಕ ಬಾಯಿ ತೆರೆದಳು. ಕಪಾಟಿನಲ್ಲಿದ್ದ ಪುಟ್ಟ ಟೋಪಿ ನೆನಪಾಯಿತು. ತನ್ನ ಮಗಳು ಹುಟ್ಟಿದ್ದು ಅದೇ ವಾರ್ಡಿನಲ್ಲಿ, ತಾನೇ ಹೊಲಿದ ಪರದೆಯ ಹಿಂದೆ. ಬೇಡ ಎನ್ನಲಾಗಲಿಲ್ಲ, ಸರಿ ಎನ್ನಲು ಧೈರ್ಯವೂ ಇರಲಿಲ್ಲ.

“ನಾನು ಕೇಳಲಿಲ್ಲ, ನೀನು ಹೇಳಲಿಲ್ಲ,” ಎಂದಳು. ಸ್ವಲ್ಪ ತಡೆದು, “ಮೂಲೆ ಸುಮ್ನೆ ಮಡಚಿ ಹೊಲಿ.”

“ಗಾಳಿಗೆ ನಿಲ್ಲಲ್ಲ ಅಕ್ಕಾ.”

“ನಿಲ್ಲದಿದ್ರೆ ಬೇಡ. ಕೈ ಮೇಲೆ ಕಣ್ಣಿಟ್ಟು ಹೊಲಿ. ತಾನೇ ಹೋಗೋಕೆ ಬಿಡ್ಬೇಡ.”

ಶುಕ್ರವಾರ ಬೆಳಿಗ್ಗೆ ಗಾಳಿ ಜೋರಾಗಿತ್ತು. ಮಗಳ ಕೈ ಹಿಡಿದು ಬರುತ್ತಿದ್ದ ಅಕ್ಕನಿಗೆ ಗೇಟು ಕಾಣುವ ಮೊದಲೇ ಬಟ್ಟೆಯ ಪಟಪಟ ಸದ್ದು ಕೇಳಿಸಿತು. ಓರೆಗಣ್ಣಿನಿಂದ ನೋಡಿದಳು. ಸಾದಾ ಮೂಲೆ. ಕಿವಿಯಿಲ್ಲ. ಗುಬ್ಬಿ ಮಾತು ಉಳಿಸಿಕೊಂಡಿದ್ದಳು. ಒಂದು ಮೂಲೆ ಆಗಲೇ ಬಿರಿದು, ಎಳೆ ಎಳೆಯಾಗಿ ಹಗ್ಗದಿಂದ ಕಳಚುತ್ತಿತ್ತು. ಅಕ್ಷರಗಳು ಮುದುಡಿ, ‘ಮಕ್ಕಳು’ ಎಂಬಲ್ಲಿಗೆ ಓದು ನಿಲ್ಲುತ್ತಿತ್ತು.

ಅಕ್ಕನ ಕಾಲರಿನ ಮಡಿಕೆಯಲ್ಲಿ ಯಾವತ್ತಿನಂತೆ ದಾರ ಪೋಣಿಸಿದ ಸೂಜಿಯಿತ್ತು. ಬೆರಳುಗಳು ತಾವಾಗಿಯೇ ಅಲ್ಲಿಗೆ ಹೋದವು. ಕಾವಲುಗಾರ ಅವಳನ್ನೇ ನೋಡುತ್ತಿದ್ದ.

“ಅಮ್ಮಾ, ಆ ಬಟ್ಟೆ ಹರೀತಿದೆ ನೋಡು,” ಎಂದಳು ಮಗಳು.

“ನಡಿ, ಶಾಲೆಗೆ ಹೊತ್ತಾಯ್ತು,” ಎಂದು ಅಕ್ಕ ಅವಳ ಕೈಯನ್ನು ಬಿಗಿಯಾಗಿ ಹಿಡಿದು, ಹೆಜ್ಜೆ ತಡೆಯದೆ, ಸಂತೆಯಲ್ಲಿ ಸ್ವಂತ ಮಗುವನ್ನು ಕಂಡೂ ಕಾಣದಂತೆ ಹೋಗುವವಳ ಹಾಗೆ ಮುಂದೆ ನಡೆದಳು. ಬೀದಿ ತಿರುಗುವ ತನಕ ಆ ಪಟಪಟ ಸದ್ದು ಬೆನ್ನಟ್ಟಿ ಬಂತು. ತಿರುಗಿದ ಮೇಲೆ ಒಮ್ಮೆಲೇ ನಿಂತಿತು. ಬಟ್ಟೆ ಬಿದ್ದಿತೋ, ಯಾರಾದರೂ ಕಿತ್ತರೋ, ಅವಳು ತಿರುಗಿ ನೋಡಲಿಲ್ಲ.